ಸವಾರಿಯೂ ಒಂದು ವಿದ್ಯೆ

ಮೋಟಾರು ಸೈಕಲು ತರುಣ ತರುಣಿಯರ ಮನಸ್ಸನ್ನು ಸೆಳೆಯುವಷ್ಟು ಬೇರೆ ಯಂತ್ರಗಳು ಸೆಳೆಯಲಾರವು. ಅದನ್ನೇರಿದವರಿಗೆ ದೂರ ಹತ್ತಿರವಾಗುತ್ತದೆ. ಬಸ್ಸಿಗಾಗಿ ಕಾಯುವ ಬೇಸರ ತಪ್ಪುತ್ತದೆ. ತಾವು ದೊಡ್ಡವರಾದೆವೆಂಬ ಹೆಮ್ಮೆಯೂ ಮೂಡುತ್ತದೆ. ಈ ಹಂಬಲದಲ್ಲಿ ತಪ್ಪೇನೂ ಇಲ್ಲ. ಆದರೆ ವಾಹನವನ್ನು ಆರಿಸುವಾಗ ತೋರುವ ಉತ್ಸಾಹವನ್ನು ಅದನ್ನು ನಡೆಸಲು ಕಲಿಯುವಾಗ ತೋರುವವರು ವಿರಳ. ಬಣ್ಣ, ಬೆಲೆ, ವೇಗಗಳನ್ನು ಕುರಿತು ತಿಂಗಳುಗಟ್ಟಲೆ ಚರ್ಚಿಸಿದ ಯುವಕನು ಸವಾರಿಯನ್ನು ಗೆಳೆಯನೊಬ್ಬನಿಂದ ಒಂದೇ ಸಂಜೆಯಲ್ಲಿ ಕಲಿತು ಹೆದ್ದಾರಿಗೆ ಇಳಿಯುತ್ತಾನೆ. ಈ ಕ್ರಮ ತಲೆಕೆಳಗಾದುದು. ಮೊದಲು ವಿದ್ಯೆ, ಅನಂತರ ವಾಹನ ಎಂಬುದೇ ವಿವೇಕದ ದಾರಿ.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನರು ಅಪಘಾತಗಳಿಂದ ಮಡಿದರೆಂದು ಕೇಂದ್ರ ಸರ್ಕಾರದ ವರದಿ ತಿಳಿಸುತ್ತದೆ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿ ಸಾಗುತ್ತಿದ್ದವರು. ಕಾರಿನಲ್ಲಿ ಕುಳಿತವನ ಸುತ್ತ ಉಕ್ಕಿನ ಕವಚವಿರುತ್ತದೆ. ಸವಾರನಿಗಾದರೋ ತಲೆಯ ಮೇಲಿನ ಹೆಲ್ಮೆಟ್ಟು ಮತ್ತು ತನ್ನ ಎಚ್ಚರ, ಇವೆರಡೇ ಆಸರೆ.

"ನಮ್ಮ ಹಿರಿಯರು ಯಾವ ಗುರುವಿನ ಬಳಿ ಕಲಿತರು?" ಎಂದು ಕೆಲವರು ಕೇಳುವುದುಂಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಮೋಟಾರು ಸೈಕಲುಗಳ ಉತ್ಪಾದನೆಯನ್ನು ಆರಂಭಿಸಿದಾಗ ನಮ್ಮ ಊರುಗಳ ರಸ್ತೆಗಳು ಬಹುಮಟ್ಟಿಗೆ ಬರಿದಾಗಿದ್ದವು. ಅಂದು ತಪ್ಪಿದವನು ಬೇಲಿಯ ಮೇಲೆ ಬಿದ್ದು, ಮೈ ಕೊಡವಿಕೊಂಡು ಏಳುತ್ತಿದ್ದನು. ಇಂದು ತಪ್ಪಿದವನ ಹಿಂದೆಯೇ ಲಾರಿ ಬರುತ್ತಿರುತ್ತದೆ. ನೀರಿಗಿಳಿಯದೆ ಈಜು ಬಾರದೆಂಬುದು ನಿಜ. ಹಾಗೆಂದು ಮೊದಲ ದಿನವೇ ತುಂಬಿದ ಹೊಳೆಗೆ ಹಾರುವವನನ್ನು ಯಾರೂ ಧೀರನೆನ್ನುವುದಿಲ್ಲ.

ಗಂಟೆಗೆ 40 ಕಿ.ಮೀ. ವೇಗದಲ್ಲಿ ಸಾಗುವ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 11 ಮೀಟರು ಕ್ರಮಿಸುತ್ತದೆ. ಅಡ್ಡ ಬಂದ ದನವನ್ನು ಕಂಡು ಸವಾರನು ಬ್ರೇಕು ಹಿಡಿಯುವಷ್ಟರಲ್ಲಿ ಅಷ್ಟು ದೂರ ಕಳೆದಿರುತ್ತದೆ. ವೇಗವು ಇಮ್ಮಡಿಯಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರವು ಸುಮಾರು ನಾಲ್ಮಡಿಯಾಗುತ್ತದೆ. ಆಗ ಭಾರವು ಮುಂದಕ್ಕೆ ಸರಿಯುವುದರಿಂದ ವಾಹನವನ್ನು ತಡೆಯುವ ಹೆಚ್ಚಿನ ಬಲ ಮುಂದಿನ ಚಕ್ರದ್ದು. ಆದರೂ ಬಿದ್ದೇವೆಂಬ ಭಯದಿಂದ ಹಿಂದಿನ ಬ್ರೇಕನ್ನೇ ನಂಬುವವರು ಬಹಳ. ಮರಳು ಹರಡಿದ ತಿರುವಿನಲ್ಲಿ ಮುಂದಿನ ಬ್ರೇಕನ್ನು ಥಟ್ಟನೆ ಅದುಮಿದರೆ ಚಕ್ರ ಜಾರುವುದು ದಿಟ. ಎರಡು ಬ್ರೇಕುಗಳನ್ನೂ ಕೂಡಿಸಿ, ಒತ್ತಡವನ್ನು ಕ್ರಮವಾಗಿ ಏರಿಸುವ ಹದವು ಓದಿನಿಂದ ಬಾರದು. ಬಯಲಿನಲ್ಲಿ, ಬಲ್ಲವರ ಕಣ್ಣೆದುರಿನಲ್ಲಿ, ಹತ್ತಾರು ಬಾರಿ ಅಭ್ಯಾಸ ಮಾಡಿದಾಗ ಮಾತ್ರ ಅದು ಕೈಗೆ ಕೂಡುತ್ತದೆ.

ವಾಹನದ ಆಯ್ಕೆಯಲ್ಲಿಯೂ ಇದೇ ವಿವೇಕ ಬೇಕು. ಕುಳಿತಾಗ ಎರಡು ಪಾದಗಳೂ ನೆಲಕ್ಕೆ ಊರಬೇಕು. ಎಂಜಿನು ನಿಂತಾಗ ವಾಹನವನ್ನು ತಳ್ಳಿ ತಿರುಗಿಸಲು ಶಕ್ತಿ ಸಾಲಬೇಕು. 100 ಸಿಸಿಯ ವಾಹನಗಳು ಸುಮಾರು 110 ಕಿಲೋಗ್ರಾಂ ತೂಗಿದರೆ, 350 ಸಿಸಿಯವು ಸಾಮಾನ್ಯವಾಗಿ 180 ಕಿಲೋಗ್ರಾಂ ಮೀರುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಮಾತು ಹಣಕ್ಕೆ ಹೇಗೋ ತೋಳ್ಬಲಕ್ಕೂ ಹಾಗೆಯೇ ಸಲ್ಲುತ್ತದೆ. ಕಲಿಯುವವನಿಗೆ ಹಗುರವಾದ ವಾಹನವೇ ಲೇಸು. ಅದು ಹಳೆಯದಾಗಿದ್ದರೂ, ಬ್ರೇಕು ಟೈರುಗಳು ಸುಸ್ಥಿತಿಯಲ್ಲಿದ್ದರೆ ಕೊರತೆಯಿಲ್ಲ. ಹೀಗೆ ಉಳಿದ ಹಣವನ್ನು ತರಬೇತಿಗೂ ಒಳ್ಳೆಯ ಹೆಲ್ಮೆಟ್ಟಿಗೂ ವಿನಿಯೋಗಿಸಬಹುದು.

1988ರ ಮೋಟಾರು ವಾಹನಗಳ ಕಾಯಿದೆಯಂತೆ ಗೇರುಳ್ಳ ಮೋಟಾರು ಸೈಕಲನ್ನು ನಡೆಸಲು 18 ವರ್ಷ ತುಂಬಿರಬೇಕು. ಅದಕ್ಕೂ ಮೊದಲೇ ಮಕ್ಕಳ ಕೈಗೆ ವಾಹನ ಕೊಡುವ ಪೋಷಕರಿಗೆ 25,000 ರೂಪಾಯಿ ದಂಡವನ್ನೂ ಮೂರು ವರ್ಷಗಳವರೆಗಿನ ಸೆರೆವಾಸವನ್ನೂ 2019ರ ತಿದ್ದುಪಡಿ ವಿಧಿಸುತ್ತದೆ. ಆದರೆ ಪರವಾನಗಿ ದೊರೆತ ಮಾತ್ರಕ್ಕೆ ಕಲಿಕೆ ಮುಗಿಯಲಿಲ್ಲ. ಪರೀಕ್ಷೆಯ ಬಯಲಿನಲ್ಲಿ ಎಂಟರ ಆಕಾರದಲ್ಲಿ ನಿಧಾನವಾಗಿ ಸುತ್ತಿ ಬಂದವನು ಸಮತೋಲವನ್ನು ತೋರಿಸಿದ್ದಾನೆ, ಅಷ್ಟೆ. ಮಳೆಯಲ್ಲಿ ನೆನೆದ ಹೆದ್ದಾರಿ, ಎದುರು ದೀಪದ ಕುರುಡು ಬೆಳಕು, ಮುಂದಿನ ಲಾರಿಯಿಂದ ಬಿಡಬೇಕಾದ ಅಂತರ, ಇವುಗಳ ಪಾಠ ಇನ್ನೂ ಉಳಿದಿರುತ್ತದೆ.

ಮಗನಿಗೋ ಮಗಳಿಗೋ ವಾಹನ ಕೊಡಿಸಲು ಸಾಲ ಮಾಡಲು ಸಿದ್ಧರಾದ ತಂದೆತಾಯಿಗಳು ತರಬೇತಿಯ ಶುಲ್ಕವನ್ನು ದುಂದೆಂದು ಭಾವಿಸಬಾರದು. ಸಂಗೀತಕ್ಕೂ ಈಜಿಗೂ ಗುರುವನ್ನು ಹುಡುಕುವ ಸಮಾಜವು, ಪ್ರಾಣವನ್ನೇ ಪಣಕ್ಕಿಡುವ ಸವಾರಿಗೆ ಗುರು ಬೇಡವೆನ್ನುವುದು ಸೋಜಿಗ. ವಾಹನವನ್ನು ಒಂದು ದಿನದಲ್ಲಿ ಕೊಂಡು ತರಬಹುದು. ಸವಾರನು ಸಿದ್ಧನಾಗಲು ತಿಂಗಳುಗಳು ಬೇಕು. ಅಷ್ಟು ತಾಳ್ಮೆಯುಳ್ಳವರು ತಮ್ಮನ್ನು ಮಾತ್ರವಲ್ಲದೆ ದಾರಿಯಲ್ಲಿ ನಡೆದು ಹೋಗುವ ಮುದುಕರನ್ನೂ ಮಕ್ಕಳನ್ನೂ ಕಾಯುತ್ತಾರೆ.