ಕಾರ್ಖಾನೆ ಮುಚ್ಚಿದರೂ ಊರು ಮರೆಯಲಿಲ್ಲ

ಅಮೆರಿಕದ ಇಂಡಿಯಾನಾ ರಾಜ್ಯದ ಈಶಾನ್ಯ ಭಾಗದಲ್ಲಿ ಆಬರ್ನ್ ಎಂಬ ಊರಿದೆ. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 13 ಸಾವಿರಕ್ಕಿಂತ ತುಸು ಹೆಚ್ಚು. ನಮ್ಮ ಲೆಕ್ಕದಲ್ಲಿ ಅದೊಂದು ಪಟ್ಟಣ ಪಂಚಾಯಿತಿ. ಅಮೆರಿಕದಲ್ಲಿ ಕಾರ್ಮಿಕ ದಿನವನ್ನು ಸೆಪ್ಟೆಂಬರ್ ತಿಂಗಳ ಮೊದಲ ಸೋಮವಾರ ಆಚರಿಸುತ್ತಾರೆ. ಅದಕ್ಕೆ ಅಂಟಿಕೊಂಡ ವಾರಾಂತ್ಯದಲ್ಲಿ ಪ್ರತಿವರ್ಷ ಈ ಚಿಕ್ಕ ಊರಿಗೆ ದೇಶದ ಮೂಲೆಮೂಲೆಗಳಿಂದ ಜನ ಬರುತ್ತಾರೆ. ಅವರನ್ನು ಸೆಳೆಯುವುದು ಯಾವುದೇ ಹೊಸ ಉದ್ದಿಮೆಯಲ್ಲ, 1937ರಲ್ಲಿ ಉತ್ಪಾದನೆ ನಿಲ್ಲಿಸಿದ ಒಂದು ಕಾರು ಕಂಪನಿಯ ನೆನಪು.

ಮಗಳ ಸಂಸಾರ ಅದೇ ರಾಜ್ಯದಲ್ಲಿರುವುದರಿಂದ ಈ ಉತ್ಸವವನ್ನು ನೋಡುವ ಅವಕಾಶ ನನಗೂ ದೊರೆಯಿತು. ಕಾರುಗಳ ಬಗ್ಗೆ ನನಗೆ ವಿಶೇಷ ಮೋಹವೇನೂ ಇಲ್ಲ. ಆದರೆ ಅರ್ಥಶಾಸ್ತ್ರ ಓದಿ, ಮೂರು ದಶಕಗಳಿಗೂ ಹೆಚ್ಚು ಕಾಲ ಆಡಳಿತದಲ್ಲಿದ್ದವನಿಗೆ ಆ ಊರಿನಲ್ಲಿ ಕಾರುಗಳಿಗಿಂತ ಕುತೂಹಲಕರವಾದ ಸಂಗತಿಯೊಂದು ಕಂಡಿತು. ತನ್ನನ್ನು ಪೊರೆದ ಉದ್ದಿಮೆ ಅಳಿದ ಮೇಲೂ ಒಂದು ಊರು ಅದರ ವಾರಸುದಾರಿಕೆಯನ್ನು ಬಿಟ್ಟುಕೊಡದಿರಲು ಸಾಧ್ಯ ಎಂಬುದೇ ಆ ಸಂಗತಿ. ಮುಚ್ಚಿದ ಕಾರ್ಖಾನೆಗಳ ಪಟ್ಟಿ ಉದ್ದವಾಗುತ್ತಲೇ ಇರುವ ನಮ್ಮ ರಾಜ್ಯಕ್ಕೆ ಇದರಲ್ಲಿ ಕಲಿಯಬೇಕಾದದ್ದಿದೆ.

ಆಬರ್ನ್‌ನ ಕಥೆ ಆರಂಭವಾಗುವುದು ಕುದುರೆ ಗಾಡಿಗಳಿಂದ. 1874ರಲ್ಲಿ ಅಲ್ಲಿ ಗಾಡಿ ತಯಾರಿಕೆ ಆರಂಭಿಸಿದ ಚಾರ್ಲ್ಸ್ ಎಕ್‌ಹಾರ್ಟ್ ಅವರ ಇಬ್ಬರು ಮಕ್ಕಳು 1900ರ ಸುಮಾರಿಗೆ ಮೋಟಾರು ವಾಹನದ ಕಡೆಗೆ ಹೊರಳಿದರು. 1924ರಲ್ಲಿ ಎರೆಟ್ ಲಾಬನ್ ಕಾರ್ಡ್ ಎಂಬ ಚತುರ ಮಾರಾಟಗಾರ ಕಂಪನಿಯ ಚುಕ್ಕಾಣಿ ಹಿಡಿದಾಗ ಅಂಗಳದಲ್ಲಿ ನೂರಾರು ಕಾರುಗಳು ಮಾರಾಟವಾಗದೆ ನಿಂತಿದ್ದವು. ಆತ ಅವುಗಳಿಗೆ ಕಣ್ಸೆಳೆಯುವ ಹೊಸ ಬಣ್ಣ ಬಳಿಸಿ ಮಾರಿದ. 1926ರಲ್ಲಿ ಇಂಡಿಯಾನಾಪೊಲಿಸ್‌ನ ಡ್ಯೂಸೆನ್‌ಬರ್ಗ್ ಕಂಪನಿಯನ್ನು ಕೊಂಡ. 1929ರಲ್ಲಿ ತನ್ನದೇ ಹೆಸರಿನ, ಮುಂದಿನ ಗಾಲಿಗಳಿಗೆ ಎಂಜಿನ್ ಶಕ್ತಿ ಹರಿಯುವ ‘ಕಾರ್ಡ್ ಎಲ್-29’ ಅನ್ನು ಮಾರುಕಟ್ಟೆಗೆ ತಂದ. 1928ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಅನಾವರಣಗೊಂಡ ಡ್ಯೂಸೆನ್‌ಬರ್ಗ್ ‘ಮಾಡೆಲ್ ಜೆ’ 265 ಅಶ್ವಶಕ್ತಿಯದು. ಮೇಲ್ಕವಚವಿಲ್ಲದ ಬರಿಯ ಚಾಸಿಗೇ 8,500 ಡಾಲರ್ ಬೆಲೆ. ಆಗ ಸಾಮಾನ್ಯ ಕುಟುಂಬವೊಂದು ಸುಮಾರು 500 ಡಾಲರಿಗೆ ಫೋರ್ಡ್ ಕಾರನ್ನು ಕೊಳ್ಳಬಹುದಿತ್ತು. ನಮ್ಮ ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರರೂ 1930ರ ದಶಕದಲ್ಲಿ ಡ್ಯೂಸೆನ್‌ಬರ್ಗ್ ಕೊಂಡು, ಇಂಗ್ಲೆಂಡಿನಲ್ಲಿ ಅದಕ್ಕೆ ಮೇಲ್ಕವಚ ಕಟ್ಟಿಸಿದ್ದರು.

ಆದರೆ ಆರ್ಥಿಕ ಮಹಾಕುಸಿತದ ಕಾಲದಲ್ಲಿ ಇಂಥ ವಿಲಾಸೀ ವಾಹನಗಳಿಗೆ ಗಿರಾಕಿಗಳು ಎಷ್ಟು ದಿನ ಸಿಕ್ಕಾರು? 1936ರಲ್ಲಿ ಬಂದ, ಮುಂದೀಪಗಳು ಮಡ್‌ಗಾರ್ಡಿನೊಳಗೆ ಅಡಗುವ ‘ಕಾರ್ಡ್ 810’ ವಿನ್ಯಾಸಕ್ಕೆ ಹೆಸರಾಯಿತೇ ಹೊರತು ಕಂಪನಿಯನ್ನು ಉಳಿಸಲಿಲ್ಲ. ಮರುವರ್ಷದ ಹೊತ್ತಿಗೆ ಮೂರೂ ಕಾರುಗಳ ತಯಾರಿಕೆ ನಿಂತಿತ್ತು.

ಇಲ್ಲಿಯವರೆಗಿನದು ಜಗತ್ತಿನ ಯಾವುದೇ ಉದ್ದಿಮೆಯ ಏಳುಬೀಳಿನ ಕಥೆ. ಮುಂದಿನದು ವಿಶೇಷ. 1938ರಲ್ಲಿ ಕಂಪನಿಯ ಕಟ್ಟಡವನ್ನೂ ಉಳಿದ ಬಿಡಿಭಾಗಗಳನ್ನೂ ಕೊಂಡ ಡಲ್ಲಾಸ್ ವಿನ್‌ಸ್ಲೋ ಎಂಬ ವ್ಯಾಪಾರಿ ಎಲ್ಲವನ್ನೂ ಗುಜರಿಗೆ ಹಾಕಲಿಲ್ಲ. ಹಳೆಯ ಕಾರುಗಳಿಗೆ ಬಿಡಿಭಾಗ ಒದಗಿಸುವ, ದುರಸ್ತಿ ಮಾಡುವ ಕೆಲಸವನ್ನು ಅಲ್ಲಿಯೇ ಮುಂದುವರಿಸಿದ. ಅದು ಪರಂಪರೆಯ ಮೇಲಿನ ಪ್ರೀತಿಯಲ್ಲ, ಲಾಭದ ಲೆಕ್ಕಾಚಾರ. ಆದರೂ ಅದರಿಂದ ಕಾರಿನ ಒಡೆಯರಿಗೂ ಊರಿಗೂ ನಡುವಣ ನಂಟು ಕಡಿಯಲಿಲ್ಲ. 1952ರಲ್ಲಿ ಈ ಮೂರು ಕಾರುಗಳ ಒಡೆಯರು ಸಂಘ ಕಟ್ಟಿಕೊಂಡರು. 1956ರಿಂದ ಆಬರ್ನ್‌ನಲ್ಲಿ ವಾರ್ಷಿಕ ಉತ್ಸವ ಆರಂಭವಾಯಿತು. 1974ರಲ್ಲಿ, ಊರಿನವರೇ ಕಟ್ಟಿಕೊಂಡ ಲಾಭರಹಿತ ಸಂಸ್ಥೆಯೊಂದು ಕಂಪನಿಯ ಹಳೆಯ ಆಡಳಿತ ಕಟ್ಟಡದಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಕಾರ್ಖಾನೆ ನಿಂತ 37 ವರ್ಷಗಳ ನಂತರ!

ಆ ಕಟ್ಟಡ 1930ರದು. ಅಂದಿನ ಷೋರೂಮಿನ ನುಣುಪಾದ ಮೊಸಾಯಿಕ್ ನೆಲದ ಮೇಲೆಯೇ ಇಂದೂ ಕಾರುಗಳು ನಿಂತಿವೆ. ಹಿಂಬದಿಯ ಕಾರ್ಖಾನೆ ಕಟ್ಟಡಗಳಲ್ಲಿ ಲಾರಿ ಮತ್ತಿತರ ವಾಹನಗಳ ಇನ್ನೊಂದು ಸಂಗ್ರಹಾಲಯವಿದೆ. ಒಂದು ವಸ್ತುವನ್ನು ಅದು ಹುಟ್ಟಿದ ಕಂಪನಿಯ ಸೂರಿನಡಿಯಲ್ಲಿಯೇ ನೋಡುವುದಕ್ಕೂ ರಾಜಧಾನಿಯ ಗಾಜಿನ ಪೆಟ್ಟಿಗೆಯಲ್ಲಿ ನೋಡುವುದಕ್ಕೂ ಅಜಗಜಾಂತರ.

ಉತ್ಸವದ ಶನಿವಾರ ಊರಿನ ನಡುವೆ ಇರುವ ಕೌಂಟಿ ನ್ಯಾಯಾಲಯದ ಸುತ್ತ ಹಳೆಯ ಕಾರುಗಳ ಮೆರವಣಿಗೆ ಸಾಗಿ ಬರುತ್ತದೆ. ರಸ್ತೆಯ ಇಕ್ಕೆಲಗಳಲ್ಲಿ ಮಡಿಸುವ ಕುರ್ಚಿಗಳನ್ನು ಹಾಕಿಕೊಂಡು ಮೂರು ತಲೆಮಾರುಗಳ ಜನ ಕುಳಿತಿದ್ದರು. ನಮ್ಮೂರಿನ ತೇರಿನ ದಿನದ ವಾತಾವರಣಕ್ಕೆ ತೀರ ಸಮೀಪದ್ದು. ಕಾರುಗಳು ನಿಂತ ಮೇಲೆ ಒಡೆಯರು ಬಾನೆಟ್ ಎತ್ತಿ, ಕೇಳಿದವರಿಗೆಲ್ಲ ತಾಳ್ಮೆಯಿಂದ ಎಂಜಿನ್ನಿನ ವಿವರ ಹೇಳುತ್ತಿದ್ದರು. ಕೋಟಿಗಟ್ಟಲೆ ಬೆಲೆಯ ವಸ್ತುವಿಗೂ ಬೀದಿಯ ಮಗುವಿಗೂ ನಡುವೆ ಹಗ್ಗ ಕಟ್ಟಿದ್ದು ಕಡಿಮೆ. ಎಲ್ಲಕ್ಕಿಂತ ಮೆಚ್ಚುಗೆಯಾದದ್ದು, ವೇದಿಕೆಯ ಮೇಲೆ ಮಂತ್ರಿಮಹೋದಯರ ಸಾಲು ಕಾಣಲಿಲ್ಲ ಎಂಬುದು.

ಇದನ್ನು ಅತಿಯಾಗಿ ಕೊಂಡಾಡಬೇಕಿಲ್ಲ. ಮೂರು ದಿನದ ಜಾತ್ರೆ ಒಂದು ಕಾರ್ಖಾನೆಯ ವರ್ಷವಿಡೀ ಕೂಲಿಗೆ ಸಮನಾಗದು. ಆಬರ್ನ್‌ನವರ ಹೊಟ್ಟೆ ತುಂಬಿಸುವುದು ಅಲ್ಲಿನ ಸಣ್ಣಪುಟ್ಟ ಕಾರ್ಖಾನೆಗಳೇ ಹೊರತು ಪ್ರವಾಸಿಗರಲ್ಲ. ಸಿರಿವಂತರು ಕೊಂಡ ಕಾರುಗಳ ಬಗ್ಗೆ ಕೇಳಸಿಗುವಷ್ಟು, ಅವುಗಳನ್ನು ಕಟ್ಟಿದ ಕೈಗಳ ಬಗ್ಗೆ ಕೇಳಸಿಗುವುದಿಲ್ಲ. ಉತ್ಸವದ ಜೊತೆಯಲ್ಲಿ ಬೆಳೆದ ಕಾರು ಹರಾಜಿನ ದೊಡ್ಡ ಸಂಸ್ಥೆಯೊಂದು 2010ರಲ್ಲಿ ಬಾಗಿಲು ಮುಚ್ಚಿತು. ಆದರೂ ಉತ್ಸವ ನಿಲ್ಲಲಿಲ್ಲ. ಅದರ ಬೇರು ಹರಾಜಿನ ಹಣದಲ್ಲಿ ಮಾತ್ರ ಇರದೆ ಊರಿನಲ್ಲೂ ಇದ್ದುದೇ ಇದಕ್ಕೆ ಕಾರಣ.

ಈಗ ನಮ್ಮ ಕಡೆಗೆ ನೋಡೋಣ. ಹಳೆಯ ವಾಹನಗಳ ಮಟ್ಟಿಗೆ ಸರ್ಕಾರ ಕಣ್ಣು ತೆರೆದಿದೆ. ಕೇಂದ್ರವು 2021ರಲ್ಲಿ ಹೊರಡಿಸಿದ ನಿಯಮಗಳಂತೆ, 50 ವರ್ಷ ದಾಟಿದ ಮತ್ತು ಮೂಲ ಸ್ವರೂಪದಲ್ಲಿ ಉಳಿದಿರುವ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿ ದೊರೆಯುತ್ತದೆ. ಮೊದಲ ನೋಂದಣಿಗೆ 20 ಸಾವಿರ ರೂಪಾಯಿ ಶುಲ್ಕ, ಹತ್ತು ವರ್ಷಗಳ ಮಾನ್ಯತೆ. ದಿನನಿತ್ಯದ ಓಡಾಟಕ್ಕೂ ವಾಣಿಜ್ಯಕ್ಕೂ ಬಳಸುವಂತಿಲ್ಲ, ಪ್ರದರ್ಶನ, ರ‍್ಯಾಲಿ ಮುಂತಾದವಕ್ಕೆ ಮಾತ್ರ ರಸ್ತೆಗಿಳಿಸಬಹುದು. ಹೊಗೆಯ ಆತಂಕವನ್ನೂ ಪರಂಪರೆಯ ಮೌಲ್ಯವನ್ನೂ ತೂಗಿ ಮಾಡಿದ ವಿವೇಕದ ನಿಯಮವಿದು.

ಆದರೆ ಅಂಥ ವಸ್ತುಗಳನ್ನು ಹುಟ್ಟಿಸಿದ ಕಟ್ಟಡಗಳ ಗತಿಯೇನು? ನಮ್ಮ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ರಕ್ಷಣೆ ನೀಡುವುದು ಕನಿಷ್ಠ 100 ವರ್ಷ ಹಳೆಯದಾದ ಸ್ಮಾರಕಕ್ಕೆ. ಅಂದರೆ ಕಾರಿಗೆ 50, ಕಾರ್ಖಾನೆಗೆ 100! ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿಯ ಮೊದಲ ಕಟ್ಟಡಗಳು ಈ ಕಾಯ್ದೆಯ ಕಣ್ಣಿಗೆ ಬೀಳಲು 2053ರವರೆಗೆ ಕಾಯಬೇಕು. ಅಮೆರಿಕದ ರಾಷ್ಟ್ರೀಯ ಪಟ್ಟಿಗೆ ಸೇರಲು ಸಾಮಾನ್ಯವಾಗಿ 50 ವರ್ಷ ಸಾಕು. ವಿಶೇಷ ಮಹತ್ವವಿದ್ದರೆ ಅದಕ್ಕೂ ರಿಯಾಯಿತಿ ಉಂಟು. ಆಬರ್ನ್‌ನ ಕಟ್ಟಡ 1978ರಲ್ಲಿ ಆ ಪಟ್ಟಿ ಸೇರಿದಾಗ ಅದಕ್ಕೆ 48 ವರ್ಷ. 2005ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತೆಂದು ಘೋಷಿತವಾಯಿತು.

ಆಡಳಿತದ ತೊಡಕು ಇನ್ನೂ ಒಂದಿದೆ. ಸಾರ್ವಜನಿಕ ಉದ್ದಿಮೆಯೊಂದನ್ನು ಮುಚ್ಚಿದಾಗ ಅದರ ಆಸ್ತಿ ವಿಲೇವಾರಿ ಮಾಡುವ ಅಧಿಕಾರಿಯ ಕರ್ತವ್ಯ ಒಂದೇ: ಸಾಲಗಾರರ ಹಿತಕ್ಕಾಗಿ ಗರಿಷ್ಠ ಬೆಲೆ ಪಡೆಯುವುದು. ಯಂತ್ರ ಕಿಲೋ ಲೆಕ್ಕದಲ್ಲಿ, ಭೂಮಿ ಎಕರೆ ಲೆಕ್ಕದಲ್ಲಿ ಹೋಗುತ್ತದೆ. ನಕ್ಷೆ, ಛಾಯಾಚಿತ್ರ, ಹಾಜರಿ ಪುಸ್ತಕಗಳಿಗೆ ಬೆಲೆಯೇ ಇಲ್ಲದ್ದರಿಂದ ಅವು ರದ್ದಿಗೆ ಸೇರುತ್ತವೆ. ಆ ಮೇಜಿನ ಸುತ್ತ ಬ್ಯಾಂಕಿನ ಪರವಾಗಿ, ಸರ್ಕಾರದ ಪರವಾಗಿ, ಕಾರ್ಮಿಕ ಸಂಘದ ಪರವಾಗಿ ಮಾತನಾಡುವವರಿರುತ್ತಾರೆ. ಊರಿನ ಪರವಾಗಿ ಮಾತನಾಡುವವರು ಯಾರೂ ಇರುವುದಿಲ್ಲ.

ಕೋಲಾರದ ಚಿನ್ನದ ಗಣಿಗಳನ್ನು ನೋಡಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಗಮನದಿಂದ 2001ರ ಫೆಬ್ರುವರಿ 28ರಂದು ಕೆಲಸ ನಿಲ್ಲುವವರೆಗೆ ನೂರಿಪ್ಪತ್ತು ವರ್ಷಗಳ ಕೈಗಾರಿಕಾ ಇತಿಹಾಸ ಅದರದು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ದೂರಕ್ಕೆ ತಂತಿ ಎಳೆದು ವಿದ್ಯುತ್ ತಂದದ್ದು ಈ ಊರಿಗಾಗಿ. ಅಲ್ಲಿನ ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದ ಗಣಿ. ಆದರೆ ಇಂದಿನ ತರುಣರಿಗೆ ಕೆಜಿಎಫ್ ಎಂದರೆ 2018ರಲ್ಲಿ ತೆರೆಕಂಡ ಚಲನಚಿತ್ರ!

ಎಲ್ಲೆಡೆಯೂ ನಿರಾಸೆಯೇ ಇದೆಯೆಂದಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿ 2019ರಲ್ಲಿ ಎಚ್‌ಎಂಟಿಯ ಪಾರಂಪರಿಕ ಕೇಂದ್ರ ತೆರೆಯಿತು. ಕೈಗಡಿಯಾರಗಳನ್ನಷ್ಟೇ ಅಲ್ಲ, ಅವುಗಳ ತಯಾರಿಕೆಯ ಕಥೆಯನ್ನೂ ಅಲ್ಲಿ ನೋಡಬಹುದು. ಇಂಥದ್ದು ಅಪವಾದವಾಗಿ ಉಳಿಯದೆ ಪದ್ಧತಿಯಾಗಬೇಕು.

ನಿವೃತ್ತ ಕಾರ್ಮಿಕನ ಬಾಕಿ ಹಣ, ವಾಸದ ಮನೆಯ ಹಕ್ಕುಪತ್ರ ಇವೆಲ್ಲ ಇತ್ಯರ್ಥವಾಗದೆ ವಸ್ತುಸಂಗ್ರಹಾಲಯದ ಮಾತೇಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಇವೆರಡೂ ಪರಸ್ಪರ ವಿರೋಧಿಗಳಲ್ಲ. ಸೇವಾವಧಿಯನ್ನು ಸಾಬೀತುಪಡಿಸಲಾಗದೆ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ವೃದ್ಧನಿಗೆ ಬೇಕಾದದ್ದು ರದ್ದಿಗೆ ಸೇರುವ ಆ ಹಾಜರಿ ಪುಸ್ತಕವೇ. ಇತಿಹಾಸಕಾರನಿಗೆ ಆಕರವಾಗುವ ದಾಖಲೆ ಕಾರ್ಮಿಕನಿಗೆ ಹಕ್ಕಿನ ಪುರಾವೆ.

ಆದ್ದರಿಂದ ಸರ್ಕಾರ ಮೂರು ಕೆಲಸಗಳನ್ನು ಮಾಡಬಹುದು. ಮೊದಲನೆಯದಾಗಿ, 50 ವರ್ಷ ದಾಟಿದ ಮಹತ್ವದ ಕೈಗಾರಿಕಾ ಕಟ್ಟಡಗಳನ್ನು ಗುರುತಿಸಿ, ನಗರ ಯೋಜನಾ ನಿಯಮಗಳಡಿ ಅವುಗಳ ಪಟ್ಟಿ ಮಾಡಬೇಕು. ಎರಡನೆಯದಾಗಿ, ಯಾವುದೇ ಸಾರ್ವಜನಿಕ ಉದ್ದಿಮೆಯನ್ನು ಮುಚ್ಚುವ ಆದೇಶದಲ್ಲಿಯೇ, ಹರಾಜಿಗೆ ಮುನ್ನ ಒಂದು ಕಟ್ಟಡವನ್ನೂ ಆಯ್ದ ಯಂತ್ರಗಳನ್ನೂ ಎಲ್ಲ ದಾಖಲೆಗಳನ್ನೂ ಪ್ರತ್ಯೇಕಿಸಿ ಇಡುವ ಷರತ್ತಿರಬೇಕು. ಮೂರನೆಯದಾಗಿ, ಅವುಗಳ ಉಸ್ತುವಾರಿಯನ್ನು ಮತ್ತೊಂದು ನಿಗಮಕ್ಕೆ ಒಪ್ಪಿಸದೆ, ಮಾಜಿ ಕಾರ್ಮಿಕರೂ ಶಿಕ್ಷಕರೂ ಸ್ಥಳೀಯ ವರ್ತಕರೂ ಇರುವ ಊರಿನದೇ ವಿಶ್ವಸ್ಥ ಮಂಡಳಿಗೆ ಕೊಡಬೇಕು. ಇದಕ್ಕೆ ತಗಲುವ ವೆಚ್ಚ ಇಡೀ ಆಸ್ತಿಯ ಮೌಲ್ಯದ ಅತ್ಯಲ್ಪ ಭಾಗ.

ಆಬರ್ನ್ 37 ವರ್ಷ ಕಾಯಿತು. ಬಿಡಿಭಾಗಗಳ ವ್ಯಾಪಾರಿಯೊಬ್ಬನ ದೆಸೆಯಿಂದ ಅಷ್ಟು ಕಾಲ ಕೊಂಡಿ ಕಳಚಲಿಲ್ಲ. ಕೋಲಾರದ ಗಣಿ ಮುಚ್ಚಿ 37 ವರ್ಷವಾಗುವುದು 2038ರಲ್ಲಿ. ಕೊನೆಯ ದಿನ ಗಣಿಯಿಂದ ಮೇಲೆ ಬಂದಾಗ 30ರ ಪ್ರಾಯದವನಾಗಿದ್ದ ಕಾರ್ಮಿಕನಿಗೆ ಆಗ 67 ತುಂಬಿರುತ್ತದೆ. ಅವನಿಗಿಂತ ಹಿರಿಯರಲ್ಲಿ ಎಷ್ಟು ಮಂದಿ ಉಳಿದಿರುತ್ತಾರೆ? ಕಟ್ಟಡ ಇನ್ನಷ್ಟು ಕಾಲ ನಿಂತೀತು. ಅದರ ಕಥೆ ಹೇಳಬಲ್ಲವರು ಅಷ್ಟು ಕಾಲ ಇರಲಾರರು.