ಅತಿಥಿಗಳಿಗೊಂದು ಸಿಗಡಿ ಕೋಸಂಬರಿ

ನಮ್ಮ ಕರಾವಳಿಯಲ್ಲಿ ಅತಿಥಿಗಳು ಬಂದರೆಂದರೆ ನೀರುದೋಸೆ, ಸಿಗಡಿ ಗಸಿ ಆಗಲೇಬೇಕು. ಮೊನ್ನೆ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಒತ್ತಾಯ ಮಾಡಿ ಆರು ದೋಸೆ ಬಡಿಸಿದೆ. ಗುರುಗಳ ಮಾತನ್ನು ಮೀರಲಾರದೆ ತಿಂದ. ಅವನಿಗೆ ಸಕ್ಕರೆ ಕಾಯಿಲೆಯಿದೆಯೆಂಬುದು ಕೈತೊಳೆದ ಮೇಲೆ ತಿಳಿಯಿತು. ಒತ್ತಾಯವನ್ನೇ ಉಪಚಾರವೆಂದು ಭಾವಿಸುವ ನಮ್ಮ ರೂಢಿ ಬದಲಾಗಬೇಕೆಂಬುದು ನನ್ನ ಅಭಿಪ್ರಾಯ.

ಸಿಗಡಿಯನ್ನು ಬಿಡಬೇಕಾಗಿಲ್ಲ, ಅದರಲ್ಲಿ ಪಿಷ್ಟವು ಇಲ್ಲವೆನ್ನುವಷ್ಟು ಕಡಿಮೆ. ತೊಂದರೆಯೆಲ್ಲ ಅಕ್ಕಿಯದು. ಆದುದರಿಂದ ಈಗ ನಮ್ಮಲ್ಲಿ ಸಿಗಡಿಯ ಕೋಸಂಬರಿ. (ಹೆಸರುಬೇಳೆಯಿಲ್ಲದ್ದು ಎಂಥ ಕೋಸಂಬರಿಯೆಂದು ಮನೆಯಾಕೆಯ ತಕರಾರು.) ಸಿಪ್ಪೆ, ಬೆನ್ನಿನ ಕಪ್ಪು ನರ ತೆಗೆದ ಸಿಗಡಿಯನ್ನು ಕುದಿಯುವ ಉಪ್ಪುನೀರಿನಲ್ಲಿ ಕೆಂಪೇರಿ ಸುರುಳಿಯಾಗುವವರೆಗೆ ಎರಡು-ಮೂರು ನಿಮಿಷ ಬೇಯಿಸಬೇಕು, ಹೆಚ್ಚಾದರೆ ರಬ್ಬರಿನಂತಾಗುತ್ತದೆ. ಆರಿದ ಮೇಲೆ ಹೆಚ್ಚಿದ ಸೌತೆಕಾಯಿ, ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು, ಒಂದು ಹಿಡಿ ಕಾಯಿತುರಿ ಸೇರಿಸಿ, ತೆಂಗಿನೆಣ್ಣೆಯಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ ಕೊಡಿ. ಉಪ್ಪು, ನಿಂಬೆರಸ ಬಡಿಸುವ ಮುನ್ನವಷ್ಟೇ. ಇಲ್ಲವಾದರೆ ಸೌತೆ ನೀರುಬಿಡುತ್ತದೆ. ಹೋಟೆಲಿನವರ ಮೇಯೊನೇಸು ನನಗಂತೂ ಬೇಡ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ಕಡಲಿನ ತಾಜಾ ಸಿಗಡಿ ಅಪರೂಪ. ಉಳಿದ ದಿನಗಳಲ್ಲಿ ಬರುವವರು ಮುಂಚಿತವಾಗಿ ತಿಳಿಸಿರಿ. ಸಿಗಡಿ ಮೈಗೆ ಒಗ್ಗದವರು ಅದನ್ನೂ ಸಂಕೋಚವಿಲ್ಲದೆ ಹೇಳಿಬಿಡಿ.