ನಮ್ಮ ಚಿತ್ರ, ಅವರ ಉಗ್ರಾಣ

ಮಗಳ ಮದುವೆಯ ಚಿತ್ರಗಳನ್ನು ಮೊಬೈಲಿನಿಂದ ಕಂಪನಿಯ ಉಗ್ರಾಣಕ್ಕೆ ಏರಿಸುವುದು ಬೀದರಿನ ಕಾರ್ಮಿಕನಿಗೂ ಔರಾದಿನ ಕಿರಾಣಿ ವ್ಯಾಪಾರಿಗೂ ನಿಮಿಷದ ಕೆಲಸ; ಇಳಿಸಿಕೊಳ್ಳುವುದು ದಿನಗಟ್ಟಲೆಯ ಪಾಡು. ಗೂಗಲ್ ಕಂಪನಿ ಮೊದಲು ಮಿತಿಯಿಲ್ಲದ ಉಚಿತ ಜಾಗ ಕೊಟ್ಟಿತು. ಜನ ತುಂಬಿದರು. 2021ರ ಜೂನ್ 1ರಿಂದ ಅದನ್ನು ನಿಲ್ಲಿಸಿ, ಅಂಚೆ, ಕಡತ, ಚಿತ್ರ ಎಲ್ಲಕ್ಕೂ ಸೇರಿ 15 ಜಿಬಿ, ಮೀರಿದರೆ ಬಾಡಿಗೆ ಎಂದಿತು. ನಮ್ಮ ಗಂಟು ನಮಗೆ ಕೊಡಿ ಎಂದರೆ 'ಟೇಕ್‌ಔಟ್' ಎಂಬ ಬಾಗಿಲುಂಟು, ಅದನ್ನು ನಾವು ಅಲ್ಲಗಳೆಯೆವು. ಆದರೆ ಸಿಗುವುದು ಜಿಪ್ ಕಟ್ಟುಗಳು, ಆ ಕೊಂಡಿಗೆ ಒಂದು ವಾರದ ಆಯುಸ್ಸು. ಚಿತ್ರ ಒಂದೆಡೆ, ನಾವು ತಿದ್ದಿದ ತಾರೀಖು, ಬರೆದ ವಿವರ ಬೇರೊಂದು ಕಡತದಲ್ಲಿ. ಕಂಪ್ಯೂಟರಿಲ್ಲದ ಭಾಲ್ಕಿಯ ಮನೆಯಲ್ಲಿ ಇದನ್ನು ಬಿಚ್ಚಿ ಜೋಡಿಸುವವರಾರು? ಗಿರವಿ ಸಾವಕಾರನೂ ಬಡ್ಡಿ ಮುಟ್ಟಿದ ಮೇಲೆ ಸರವನ್ನು ಮಣಿ ಮಣಿಯಾಗಿ ಬಿಡಿಸಿ ಕೊಡುತ್ತಿರಲಿಲ್ಲ!

ಯೂರೋಪಿನಲ್ಲಿ 2018ರಿಂದ ತನ್ನ ಮಾಹಿತಿಯನ್ನು ಕೊಂಡೊಯ್ಯುವುದು ಕಾಯಿದೆಯ ಹಕ್ಕು. ಅದೇ ವರ್ಷ ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿ ನಮ್ಮ ದೇಶಕ್ಕೆ ಸಿದ್ಧಪಡಿಸಿದ ಕರಡಿನಲ್ಲೂ ಈ ಹಕ್ಕಿತ್ತು. 2023ರ ಕಾಯಿದೆಯಲ್ಲಿ ಅದು ಮಾಯ. ಯಾರ ಹಿತಕ್ಕಾಗಿ ಕೈಬಿಟ್ಟಿರಿ ಎಂದು ಕೇಂದ್ರ ಸರ್ಕಾರವನ್ನು ನಾವು ಕೇಳುತ್ತೇವೆ. ತಿದ್ದುಪಡಿ ಬರಲಿ. ಅಲ್ಲಿಯವರೆಗೆ ಬೀದರ, ಭಾಲ್ಕಿ, ಔರಾದಗಳ ಗ್ರಂಥಾಲಯಗಳಲ್ಲಿ ಈ ಕೆಲಸಕ್ಕೆಂದೇ ಒಂದು ಕಂಪ್ಯೂಟರ್, ಬಲ್ಲ ಒಬ್ಬ ಹುಡುಗ, ಇಷ್ಟನ್ನಾದರೂ ಜಿಲ್ಲಾಡಳಿತ ಒದಗಿಸಬೇಕು.